ಮುಂದಿನ ಸಾಲಿನ ಹುಡುಗಿ

ಇಪ್ಪತ್ತೊಂಬತ್ತು ವರ್ಷ ನಾನು ಅಂಗನವಾಡಿ ಟೀಚರಾಗಿದ್ದೆ. ತ್ರಾಸಿಯ ಹತ್ತಿರ, ಹೆದ್ದಾರಿಗೂ ಕಡಲಿಗೂ ನಡುವೆ ಸಿಕ್ಕಿಕೊಂಡ ಮೀನುಗಾರರ ಕೇರಿ, ಅದರಲ್ಲಿ ಹೆಂಚಿನ ಒಂದೇ ಕೋಣೆ. ಎರಡು ಸಾವಿರದ ಹದಿಮೂರರಲ್ಲಿ ನಿವೃತ್ತಿಯಾದಾಗ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, "ಸರಸ ಟೀಚರ ಕೈಯಲ್ಲಿ ಕಲಿತ ಮಗು ಎಲ್ಲಿಯೂ ಸೋಲುವುದಿಲ್ಲ" ಎಂದು ಭಾಷಣ ಮಾಡಿದರು. ನಾನು ಕೈ ಮುಗಿದೆ. ಸೋತ ಮಗು ಒಂದಿದೆ, ಸೋಲಿಸಿದವಳು ನಾನೇ ಎಂದು ಅಲ್ಲಿ ಮೈಕಿನ ಮುಂದೆ ಹೇಳಲಾಗುತ್ತದೆಯೇ? ಹೇಳಬೇಕಾಗಿದ್ದ ಹೊತ್ತಿಗೇ ಹೇಳದವಳು ಶಾಲು ಹೊದ್ದ ಮೇಲೆ ಹೇಳುತ್ತೇನೆಯೇ.

ನನಗೊಂದು ಪದ್ಧತಿಯಿತ್ತು. ಅದರ ಬಗ್ಗೆ ನನಗೆ ಕೊಬ್ಬೂ ಇತ್ತು. ತರಬೇತಿಗೆ ಹೋದಲ್ಲೆಲ್ಲ ಎದ್ದು ನಿಂತು ಹೇಳುತ್ತಿದ್ದೆ: ಮೂರು ವರ್ಷದ ಮಗುವಿಗೆ ಒಂದು ಸಲ ಹೇಳಿದ್ದು ಗಾಳಿಗೆ ಹೋಗುತ್ತದೆ, ಹತ್ತು ಸಲ ಹೇಳಿದ್ದು ಕಿವಿಯಲ್ಲಿ ನಿಲ್ಲುತ್ತದೆ, ನೂರು ಸಲ ಹೇಳಿದ್ದು ಕೈಗೆ ಬರುತ್ತದೆ. ಉಳಿದ ಟೀಚರುಗಳು ಬರೆದುಕೊಳ್ಳುತ್ತಿದ್ದರು. ನನ್ನ ಕೋಣೆಯಲ್ಲಿ ದಿನವೂ ಒಂದೇ ಕ್ರಮ. ಸಹಾಯಕಿ ಪದ್ದು ಕಡಲ ಕರೆಯಿಂದ ಹೊಯ್ಗೆ, ಅಂದರೆ ಮರಳು, ತಂದು, ಜಾಲಿಸಿ, ತಗಡಿನ ತಟ್ಟೆಗಳಲ್ಲಿ ಹರವಿಡುತ್ತಿದ್ದಳು. ಮಕ್ಕಳು ಬೆರಳಿನಿಂದ ಒಂದು ಅಕ್ಷರ ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು. ಆಮೇಲೆ ಸಾಲಾಗಿ ನಿಂತು ಅಂಕಿ, ಅಕ್ಷರ, ಪದ್ಯ. ನಾನು ಒಂದು ಸಲ, ಅವರು ಒಂದು ಸಲ. ಒಂದು ಬಂಗುಡೆ, ಎರಡು ಬಂಗುಡೆ ಎಂದು ಕೈ ಕುಣಿಸಿ ಮೀನು ಎಣಿಸುವ ಪದ್ಯವನ್ನು ನಾನೇ ಕಟ್ಟಿದ್ದೆ. ಅದನ್ನು ಎಷ್ಟು ಸಾವಿರ ಸಲ ಹೇಳಿದ್ದೇನೋ ದೇವರಿಗೇ ಗೊತ್ತು.

ಇನ್ನೊಂದು ನಿಯಮವೂ ಇತ್ತು. ಒಂದು ಮಗುವನ್ನೂ ಒಂಟಿಯಾಗಿ ಎದ್ದು ನಿಲ್ಲಿಸಿ ಪ್ರಶ್ನೆ ಕೇಳುವುದಿಲ್ಲ. ನಾನು ಒಂದನೇ ಕ್ಲಾಸಿನಲ್ಲಿದ್ದಾಗ ಮೇಷ್ಟ್ರು ನನ್ನನ್ನು ಹಾಗೆ ನಿಲ್ಲಿಸಿದ್ದರು. ಏಳು ಆದ ಮೇಲೆ ಎಷ್ಟು ಎಂದು ಕೇಳಿದರು. ಗೊತ್ತಿತ್ತು, ಆದರೆ ಬಾಯಿ ಬರಲಿಲ್ಲ, ಲಂಗ ಒದ್ದೆಯಾಯಿತು. ಇಡೀ ಕ್ಲಾಸು ನಕ್ಕದ್ದು ಇವತ್ತಿಗೂ ಕೇಳಿಸುತ್ತದೆ. ನನ್ನ ಕೈಗೆ ಬಂದ ಮಕ್ಕಳಿಗೆ ಆ ಅವಮಾನ ಬೇಡ ಎಂದು ಎಲ್ಲವನ್ನೂ ಒಟ್ಟಿಗೇ ಹೇಳಿಸುತ್ತಿದ್ದೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ ನಿಯಮ. ಒಳ್ಳೆಯ ಮನಸ್ಸಿನ ಮೇಲೆ ನನಗೀಗ ಅಷ್ಟೇನೂ ಗೌರವ ಉಳಿದಿಲ್ಲ.

ನವ್ಯಶ್ರೀ ನನ್ನಲ್ಲಿಗೆ ಬಂದದ್ದು ಎರಡು ಸಾವಿರದ ಇಸವಿಯ ಜೂನ್ ತಿಂಗಳಲ್ಲಿ, ಮೂರು ತುಂಬುವ ಮೊದಲೇ. ತಾಯಿ ಸುಗುಣ ಮೀನು ಮಾರುವವಳು. ಬೆಳಿಗ್ಗೆ ಗಂಗೊಳ್ಳಿಯಲ್ಲಿ ಬುಟ್ಟಿ ತುಂಬಿಸಿಕೊಂಡು ಬಸ್ಸು ಹತ್ತಿದರೆ ಹಟ್ಟಿಯಂಗಡಿ ಕಡೆಯ ಮನೆಗಳನ್ನೆಲ್ಲ ಸುತ್ತಿ ಮಧ್ಯಾಹ್ನ ದಾಟಿದ ಮೇಲೆ ಬರುತ್ತಿದ್ದಳು. ತಂದೆ ಸೋಮ ಬೋಟಿನವನು, ವಾರಗಟ್ಟಲೆ ಕಡಲಲ್ಲಿ. ಮಗುವನ್ನು ನೋಡಿಕೊಳ್ಳುತ್ತಿದ್ದದ್ದು ಅಜ್ಜಿ. ಅಜ್ಜಿಗೆ ಮಾತಿಗಿಂತ ಎಲೆಯಡಿಕೆಯೇ ಹೆಚ್ಚು.

ಆ ಹುಡುಗಿ ನನ್ನ ಪದ್ಧತಿಗೆಂದೇ ಹುಟ್ಟಿದ ಹಾಗಿದ್ದಳು. ಉಳಿದ ಮಕ್ಕಳು ಕಾಗೆ ಕೂಗಿದರೆ ಕಿಟಕಿ ನೋಡುವವು, ಹೆದ್ದಾರಿಯಲ್ಲಿ ಲಾರಿ ಹಾರ್ನ್ ಹಾಕಿದರೆ ಬಾಗಿಲಿಗೆ ಓಡುವವು. ಇವಳು ಮಿಸುಕುತ್ತಿರಲಿಲ್ಲ. ಹೊಯ್ಗೆಯಲ್ಲಿ ಅಕ್ಷರ ತೋರಿಸಿದರೆ ಮೂರನೇ ಸಲಕ್ಕೆ ಅಚ್ಚು ಒತ್ತಿದಂತೆ ಬರೆಯುತ್ತಿದ್ದಳು. ಪದ್ಯದ ಹೊತ್ತಿಗೆ ಕಣ್ಣು ನನ್ನ ಮುಖದ ಮೇಲೆಯೇ. ನಾನು ಕೈ ಎತ್ತಿದರೆ ಅವಳ ಕೈ ಎತ್ತಿಯಾಯಿತು, ನಾನು ಬಾಯಿ ತೆರೆದರೆ ಅವಳದೂ ತೆರೆಯಿತು. ಅದಕ್ಕೇ ಅವಳನ್ನು ಮುಂದಿನ ಸಾಲಿನ ನಡುವೆ ನಿಲ್ಲಿಸಿದೆ. ಅವಳನ್ನು ನೋಡಿ ಉಳಿದವರು ಕಲಿಯಲಿ ಎಂದು.

ಪದ್ದು ಒಂದು ದಿನ ಉಪ್ಪಿಟ್ಟು ಬಡಿಸುತ್ತಾ ಹೇಳಿದಳು: "ಟೀಚರ್, ಈ ಹೆಣ್ಣ್ ನಿಮ್ಮ ಮೋರೆ ಬಿಟ್ರೆ ಬೇರೆ ಕಡೆ ಕಾಂಬುದೇ ಇಲ್ಲ."

"ಕಲಿಯು ಮಕ್ಳ್ ಹಾಂಗೇ ಪದ್ದು," ಎಂದೆ ನಾನು. ಹೊಗಳಿಕೆ ಎಂದುಕೊಂಡೆ. ಅವಳು ಹೇಳಿದ್ದು ಹೊಗಳಿಕೆಯಲ್ಲ, ಕಣ್ಣಿಗೆ ಕಂಡದ್ದು. ಅಡುಗೆ ಮಾಡುವವಳಿಗೆ ಕಂಡದ್ದು ತರಬೇತಿ ಪಡೆದವಳಿಗೆ ಕಾಣಲಿಲ್ಲ.

ಎರಡು ವರ್ಷ ಹೀಗೇ ಹೋಯಿತು. ಎರಡು ಸಾವಿರದ ಎರಡರಲ್ಲಿ ಕೇರಿಯೊಳಗೆ ಹಳದಿ ವ್ಯಾನು ಬರಲು ಶುರುವಾಯಿತು. ಕುಂದಾಪುರದ ಯಾವುದೋ ಇಂಗ್ಲಿಷ್ ಮೀಡಿಯಂ ಶಾಲೆಯ ಎಲ್‌ಕೆಜಿ. ನಿನ್ನೆಯ ತನಕ ನನ್ನಲ್ಲಿ ಮೂಗು ಸುರಿಸಿಕೊಂಡು ಕೂತಿದ್ದ ಮಕ್ಕಳು ಟೈ ಕಟ್ಟಿಕೊಂಡು ವ್ಯಾನು ಹತ್ತಿದವು. ಮೂವತ್ತನಾಲ್ಕು ಇದ್ದ ಮಕ್ಕಳು ಹದಿನಾರಕ್ಕೆ ಇಳಿದವು. ಸೂಪರ್‌ವೈಸರ್ ಚೇತನಾ ಮೇಡಂ ಹಾಜರಿ ಪುಸ್ತಕ ತಿರುವಿ ನಿಟ್ಟುಸಿರು ಬಿಟ್ಟರು.

"ಇನ್ನು ಎರಡು ಮಕ್ಕಳು ಕಡಿಮೆಯಾದರೆ ಈ ಕೇಂದ್ರವನ್ನು ಪಕ್ಕದ ಕೇಂದ್ರಕ್ಕೆ ಸೇರಿಸುತ್ತಾರೆ ಸರಸಮ್ಮ. ಡಿಸೆಂಬರ್ ಹದಿನಾಲ್ಕಕ್ಕೆ ಕುಂದಾಪುರದಲ್ಲಿ ಮಕ್ಕಳ ಮೇಳ ಇದೆ. ಒಂದು ಬಹುಮಾನ ತನ್ನಿ. ಪೇಪರಿನಲ್ಲಿ ಫೋಟೋ ಬಂದರೆ ತಂದೆ ತಾಯಿಯರೂ ಸುಮ್ಮನಾಗುತ್ತಾರೆ."

ಅವತ್ತಿನಿಂದ ನನಗೆ ಬೇರೆ ಯೋಚನೆ ಇರಲಿಲ್ಲ. ಹನ್ನೆರಡು ಮಕ್ಕಳನ್ನು ಆರಿಸಿ ದಿನಕ್ಕೆ ಮೂವತ್ತು ಸಲ ಬಂಗುಡೆ ಪದ್ಯ ಹೇಳಿಸಿದೆ. ನವ್ಯಶ್ರೀ ಒಂದು ದಿನವೂ ದಣಿಯಲಿಲ್ಲ. ಅವಳ ಕೈಯ ಓಟ ನೋಡಿದರೆ ನನಗೇ ಹೆಮ್ಮೆಯಾಗುತ್ತಿತ್ತು.

ಅದೇ ದಿನಗಳಲ್ಲಿ ಸುಗುಣ ಒಂದು ಮಧ್ಯಾಹ್ನ ಖಾಲಿ ಬುಟ್ಟಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು. ಮಗುವನ್ನು ಕರೆದೊಯ್ಯಲು ಬಂದವಳು ಒಳಗೆ ಬರದೆ ಹೊಸ್ತಿಲಲ್ಲೇ ತಡವರಿಸಿದಳು.

"ಟೀಚರ್, ಇದ್ ಹಿಂದಿಂದ ಕರ್ದ್ರೆ ತಿರ್ಗುದಿಲ್ಲ. ಮನೆಲಿ ಅಮ್ಮ, ಬಾ, ಅಷ್ಟೇ. ಇಲ್ಲಿ ಎಂತಾರೂ ಮಾತಾಡತ್ತಾ?"

"ಎಲ್ಲ ಹೇಳತ್ತ್ ಮಾರಾಯ್ತಿ. ಅ ಆ ಇ ಈ, ಇಪ್ಪತ್ತರ ತನ್ಕ ಅಂಕಿ, ಪದ್ಯ. ಮುಂದಿನ ಸಾಲಲ್ಲೇ ನಿಂತ್ಕಂಡ್ ಹೇಳತ್ತ್. ನಿಮ್ಮನೆಲಿ ಅದ್ರ ಹತ್ರ ಮಾತಾಡುಕೆ ಯಾರಿಗ್ ಪುರ್ಸೊತ್ತಿತ್ತ್ ಹೇಳ್."

ಸುಗುಣ ತಲೆ ತಗ್ಗಿಸಿದಳು. ದಿನವಿಡೀ ಬಿಸಿಲಲ್ಲಿ ಬುಟ್ಟಿ ಹೊತ್ತು ಬಂದವಳಿಗೆ ನಾನು ಹೀಗೆ ಚುಚ್ಚಿದ್ದು. ಅವಳು ಸೊಂಟದಿಂದ ಮಡಚಿದ ಒಂದು ಕಾಗದ ತೆಗೆದಳು. ಆರೋಗ್ಯ ಇಲಾಖೆಯ ಸಿಸ್ಟರ್ ಮನೆಮನೆಗೆ ಹಂಚಿದ್ದು. ಡಿಸೆಂಬರ್ ಹದಿನಾಲ್ಕು, ಕುಂದಾಪುರ, ಕಿವಿ ಗಂಟಲು ಪರೀಕ್ಷೆಯ ಉಚಿತ ಶಿಬಿರ, ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ.

"ಕೆಮಿ ಕಾಂಬ ಡಾಕ್ಟ್ರ್ ಬತ್ರಂಬ್ರ್. ಒಂದ್ ಸಲ ತೋರ್ಸ್ಕಂಡ್ ಬಪ್ಪ ಅಂದೇಳಿ."

"ಅವತ್ತೇ ನಮ್ಮ ಮೇಳ. ಇದ್ ಇಲ್ದಿರೆ ನನ್ನ ಮುಂದಿನ ಸಾಲೇ ಇಲ್ಲ ಸುಗುಣ. ಪದ್ಯ ಹೇಳು ಮಗಿನ ಕೆಮಿ ತೋರ್ಸುದ್ ಎಂತಕ್ಕೆ? ಶಿಬಿರ ಇನ್ನೂ ಬತ್ತ್."

"ಹೌದಾ. ಅತ್ತೆಯೂ ಹಾಂಗೇ ಹೇಳ್ತ್ರ್. ಇದ್ರ ಅಪ್ಪಂಗೂ ಮಾತ್ ತಡ ಅಂಬ್ರ್. ನೀವ್ ಹೇಳ್ದಾಂಗೆ ಆಯ್ಲಿ."

ಅವಳ ಮುಖ ಹಗುರವಾದದ್ದು ನನಗೆ ಚೆನ್ನಾಗಿ ನೆನಪಿದೆ. ಕಾಗದವನ್ನು ಮತ್ತೆ ಮಡಚಿ ಬುಟ್ಟಿಗೆ ಹಾಕಿ, ಮಗುವಿನ ಕೈ ಹಿಡಿದು ಹೋದಳು.

ಮೇಳ ನಡೆದದ್ದು ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಸಭಾಭವನದಲ್ಲಿ. ಶಿಬಿರ ಅಲ್ಲಿಂದ ಎರಡು ಬೀದಿ ಆಚೆ. ಸುಗುಣ ಅವತ್ತು ಮೀನಿಗೆ ಹೋಗದೆ, ಹಸಿರು ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದಿದ್ದಳು. ನಮ್ಮ ಸರದಿ ಬಂದಾಗ ಹನ್ನೊಂದೂವರೆ. ನಾನು ವೇದಿಕೆಯ ಕೆಳಗೆ, ಮಕ್ಕಳಿಗೆ ಎದುರಾಗಿ ಕುಕ್ಕರಗಾಲಲ್ಲಿ ಕೂತು, ಸಭೆಗೆ ಕೇಳಿಸದಂತೆ ಬಾಯಿ ಮಾತ್ರ ಆಡಿಸುತ್ತಾ ಕೈ ಮಾಡುತ್ತಿದ್ದೆ. ಹನ್ನೆರಡು ಜೊತೆ ಕೈಗಳು ಒಟ್ಟಿಗೆ ಏಳುತ್ತಿದ್ದವು, ಒಟ್ಟಿಗೆ ಇಳಿಯುತ್ತಿದ್ದವು.

ಐದನೇ ಬಂಗುಡೆಯ ಹೊತ್ತಿಗೆ ಮೈಕಿನವನು ಬಂದ. ಮಕ್ಕಳ ದನಿ ಹಿಂದೆ ಕೇಳಿಸುತ್ತಿಲ್ಲ ಎಂದು ಮೈಕಿನ ಕಂಬ ಹಿಡಿದುಕೊಂಡು ನನಗೂ ನವ್ಯಶ್ರೀಗೂ ನಡುವೆ ನಿಂತ. ಹನ್ನೊಂದು ಮಕ್ಕಳು ಹಾಡುತ್ತಲೇ ಇದ್ದವು. ನವ್ಯಶ್ರೀಯ ಕೈ ಗಾಳಿಯಲ್ಲಿ ನಿಂತಿತು. ಅಕ್ಕಪಕ್ಕದ ಮಕ್ಕಳು ಕಿವಿಯ ಹತ್ತಿರವೇ ಕೂಗುತ್ತಿದ್ದರೂ ಪದ್ಯ ಎಲ್ಲಿಗೆ ಬಂತು ಎಂದು ಅವಳಿಗೆ ತಿಳಿಯಲಿಲ್ಲ. ಕುತ್ತಿಗೆ ಆ ಕಡೆ ಈ ಕಡೆ ಚಾಚಿ, ಅವನ ತೋಳಿನ ಸಂದಿನಿಂದ ನನ್ನ ಬಾಯಿಗಾಗಿ ಹುಡುಕಿದಳು. ಅವನು ಸರಿದ. ಅವಳ ಕಣ್ಣು ನನ್ನ ತುಟಿಗೆ ಸಿಕ್ಕಿತು. ಕೈ ಮತ್ತೆ ಎದ್ದಿತು, ನಾನು ಹೇಳುತ್ತಿದ್ದ ಬಂಗುಡೆಗೆ ಸರಿಯಾಗಿ.

ಎರಡೂವರೆ ವರ್ಷ ನಾನು ಕೇಳಿದ್ದು ಅವಳ ದನಿಯಲ್ಲ, ಉಳಿದವರ ದನಿ. ಅವಳದು ಬಾಯಿ ಮಾತ್ರ.

ಪದ್ಯ ಮುಗಿದ ಮೇಲೆ ಮಕ್ಕಳನ್ನು ವೇದಿಕೆಯ ಹಿಂದೆ ಕೂರಿಸಿ ಲಾಡು ಕೊಟ್ಟರು. ನಾನು ನವ್ಯಶ್ರೀಯ ಬೆನ್ನ ಹಿಂದೆ ನಿಂತು ಒಂದು ಸ್ಟೀಲಿನ ಬಟ್ಟಲನ್ನು ಸಿಮೆಂಟ್ ನೆಲಕ್ಕೆ ಬಿಟ್ಟೆ. ಎಲ್ಲ ಮಕ್ಕಳೂ ಹಾರಿಬಿದ್ದವು. ಒಂದು ಅಳಲು ಶುರು ಮಾಡಿತು. ನವ್ಯಶ್ರೀ ಲಾಡಿನ ಪುಡಿಯನ್ನು ಅಂಗೈಯಿಂದ ನೆಕ್ಕುತ್ತಿದ್ದಳು.

ಆಗ ಗಂಟೆ ಹನ್ನೆರಡು. ಶಿಬಿರ ಮುಚ್ಚಲು ಇನ್ನೂ ಒಂದು ಗಂಟೆ ಇತ್ತು, ಎರಡು ಬೀದಿ ನಡೆದರೆ ಸಾಕಿತ್ತು. ಸುಗುಣಳಿಗೆ "ಬಾ ಹೋಪ" ಎಂದು ಎರಡು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಫಲಿತಾಂಶ ಹೇಳುವಾಗ ಮಕ್ಕಳೆಲ್ಲ ವೇದಿಕೆಯ ಮೇಲೆ ಇರಬೇಕು ಎಂದು ಅನೌನ್ಸ್ ಮಾಡಿದ್ದರು. ಫಲಿತಾಂಶ ಬಂದದ್ದು ಎರಡು ಗಂಟೆಗೆ. ನಮಗೆ ಮೊದಲ ಬಹುಮಾನ, ಒಂದು ಗೋಡೆ ಗಡಿಯಾರ. ಫೋಟೋದಲ್ಲಿ ಗಡಿಯಾರ ಹಿಡಿದು ನಿಂತವಳು ನವ್ಯಶ್ರೀ.

ಫೋಟೋ ಪೇಪರಿನಲ್ಲಿ ಬಂತು. ವ್ಯಾನಿಗೆ ಹೆಸರು ಕೊಟ್ಟಿದ್ದ ಮೂವರು ತಾಯಂದಿರು ಮಕ್ಕಳನ್ನು ನನ್ನಲ್ಲೇ ಉಳಿಸಿದರು. ಚೇತನಾ ಮೇಡಂ ತಪಾಸಣೆ ಪುಸ್ತಕದಲ್ಲಿ "ಪುನರಾವರ್ತನೆಯ ಮೂಲಕ ಅತ್ಯುತ್ತಮ ಕಲಿಕೆ" ಎಂದು ಕೆಂಪು ಶಾಯಿಯಲ್ಲಿ ಬರೆದರು. ಅದರ ಕೆಳಗೆ ನಾನು ಸಹಿ ಹಾಕಿದೆ. ಮುಂದಿನ ಸಾಲಿನ ಹುಡುಗಿಗೆ ಕಿವಿ ಕೇಳಿಸುವುದಿಲ್ಲ, ಟೀಚರಿಗೆ ಎರಡೂವರೆ ವರ್ಷ ಅದು ಗೊತ್ತೇ ಆಗಲಿಲ್ಲ ಎಂದು ಆ ವಾರ ಯಾರಿಗಾದರೂ ಹೇಳಲು ನನಗೆ ಬಾಯಿ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ.

ಅದರ ಬದಲು ಏನು ಮಾಡಿದೆ ಗೊತ್ತೇ? ಅಭ್ಯಾಸ ಮಾಡಿಸಿದೆ. ಉಳಿದ ಮಕ್ಕಳು ಹೋದ ಮೇಲೆ ಅವಳನ್ನು ಅರ್ಧ ಗಂಟೆ ಇರಿಸಿಕೊಂಡು, ಹಿಂದೆ ಕೂತು, ಕಿವಿಯ ಹತ್ತಿರ "ಅ" ಎಂದು ಕೂಗುತ್ತಿದ್ದೆ. ನೂರು ಸಲ. ನಡುನಡುವೆ ಅವಳು ಕಚಗುಳಿಯಾದಂತೆ ತಿರುಗಿ ನಗುತ್ತಿದ್ದಳು. ನನ್ನ ಉಸಿರು ಕುತ್ತಿಗೆಗೆ ತಾಗಿ ತಿರುಗುತ್ತಿದ್ದಳು, ಅಷ್ಟೇ. ನಾನು ಅದನ್ನು ಕೇಳಿಸಿತು ಎಂದು ಲೆಕ್ಕ ಹಿಡಿದೆ. ನಿನ್ನೆ ನಾಲ್ಕು ಸಲ ತಿರುಗಿದಳು, ಇವತ್ತು ಆರು ಸಲ, ಹೀಗೇ ಹೋದರೆ ಬೇಸಿಗೆಯೊಳಗೆ ಸರಿಹೋಗುತ್ತಾಳೆ. ಇಷ್ಟು ದಡ್ಡಿಯಲ್ಲ ನಾನು. ಬೇಕೆಂದೇ ದಡ್ಡಿಯಾದೆ. ಪದ್ದು ಕಸ ಗುಡಿಸುತ್ತಾ ಇದನ್ನೆಲ್ಲ ನೋಡುತ್ತಿದ್ದಳು. ಒಂದು ದಿನವೂ ಏನೂ ಕೇಳಲಿಲ್ಲ. ಕೇಳಿದ್ದರೆ ಅವಳ ಮೇಲೆ ಹರಿಹಾಯುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು.

ಜೂನ್‌ನಲ್ಲಿ ನವ್ಯಶ್ರೀ ಪಕ್ಕದ ಸರಕಾರಿ ಶಾಲೆಯ ಒಂದನೇ ಕ್ಲಾಸಿಗೆ ಸೇರಿದಳು. ಅಲ್ಲಿಯ ಶೈಲೇಶ್ ಮೇಷ್ಟ್ರು ಹೊಸಬರು, ಇಪ್ಪತ್ತೈದರ ಹುಡುಗ. ಹಾಜರಿ ಕರೆಯುವಾಗ ಒಬ್ಬೊಬ್ಬರೇ ಎದ್ದು ಉತ್ತರ ಕೊಡಬೇಕು ಎಂಬುದು ಅವರ ನಿಯಮ. ನಾಲ್ಕೇ ದಿನ. ಐದನೇ ದಿನ ಸುಗುಣಳನ್ನು ಕರೆಸಿ, ಮಗುವನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗಿ ಎಂದರು. ನಾನು ಎರಡೂವರೆ ವರ್ಷದಲ್ಲಿ ಕಾಣದ್ದನ್ನು, ಕಂಡ ಮೇಲೂ ಆರು ತಿಂಗಳು ಮುಚ್ಚಿಟ್ಟದ್ದನ್ನು ಅವರು ನಾಲ್ಕು ದಿನದಲ್ಲಿ ಕಂಡುಹಿಡಿದರು. ನನಗೆ ಅವರ ಮೇಲೆ ಸಿಟ್ಟು ಬಂತು. ಮಗುವನ್ನು ಒಂಟಿಯಾಗಿ ನಿಲ್ಲಿಸಿ ಹೆದರಿಸುವವನು ಎಂಥ ಮೇಷ್ಟ್ರು ಎಂದು ಪದ್ದುವಿನ ಹತ್ತಿರ ಗೊಣಗಿದೆ ಕೂಡ.

ಮಣಿಪಾಲದಲ್ಲಿ ಹೇಳಿದ್ದನ್ನು ಸುಗುಣ ನನಗೆ ಬಂದು ಹೇಳಿದಳು. ಎರಡೂ ಕಿವಿ, ಬಹುಶಃ ಹುಟ್ಟಿನಿಂದಲೇ. ತೀರಾ ಜೋರಿನ ಶಬ್ದ ಹತ್ತಿರದಿಂದ ಸ್ವಲ್ಪ ತಾಗಬಹುದು, ಮಾತು ಮಾತಾಗಿ ಕೇಳಿಸದು. ಮಾತು ಬರುವ ವಯಸ್ಸು ಎಂದೊಂದು ಇರುತ್ತದೆ, ಅದರಲ್ಲಿ ಬಹಳಷ್ಟು ಕಳೆದುಹೋಗಿದೆ, ಇನ್ನು ಒಂದೊಂದು ತಿಂಗಳೂ ಮುಖ್ಯ ಎಂದಿದ್ದರಂತೆ. ಕಿವಿಗೆ ಮೆಷಿನ್ ಹಾಕಿದರು. ವಾರಕ್ಕೊಮ್ಮೆ ತರಬೇತಿಗೆ ಹೋಗಬೇಕಾಗಿತ್ತು. ಎರಡು ವರ್ಷ ಸುಗುಣ ಮೀನಿನ ಒಂದು ದಿನ ಬಿಟ್ಟು ಹೋದಳು. ಮೆಷಿನ್ ಹಾಕಿದರೆ ತಲೆಯೆಲ್ಲ ಗದ್ದಲ ಎಂದು ಮಗು ಕಿತ್ತು ಎಸೆಯುತ್ತಿತ್ತು. ಹತ್ತಿಪ್ಪತ್ತು ಮಾತು ಬಂದವು, ಮನೆಯವರಿಗೆ ಮಾತ್ರ ಅರ್ಥವಾಗುವಂಥವು. ಎರಡನೇ ಕ್ಲಾಸಿನಲ್ಲಿ ಹಿಂದಿನ ಬೆಂಚು. ಬೋರ್ಡಿನ ಮೇಲಿದ್ದದ್ದನ್ನೆಲ್ಲ ಮುತ್ತಿನಂತೆ ಬರೆಯುತ್ತಿದ್ದಳು, ಬರೆದದ್ದು ಏನೆಂದು ಅವಳಿಗೆ ಗೊತ್ತಿರಲಿಲ್ಲ. ಅದು ನಾನು ಕಲಿಸಿದ್ದು.

ಈ ಎರಡು ವರ್ಷ ಸುಗುಣ ನನ್ನನ್ನು ದಾರಿಯಲ್ಲಿ ಕಂಡರೆ ನಿಂತು ಮಾತಾಡುತ್ತಿದ್ದಳು. ದೂರು ಇಲ್ಲ, ಮುನಿಸು ಇಲ್ಲ. ಮಾತು ಮುಗಿದ ಮೇಲೂ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದಳು. ಆ ಗಳಿಗೆಯನ್ನು ಹೇಗೆ ದಾಟಿಸುವುದು ಎಂದು ನಾನು ಬಿಸಿಲು, ಮಳೆ, ಬೋಟಿನ ಸುದ್ದಿ ತೆಗೆಯುತ್ತಿದ್ದೆ.

ಎರಡು ಸಾವಿರದ ಐದರ ಮೇ ತಿಂಗಳಲ್ಲಿ ಅವಳು ಅಂಗನವಾಡಿಗೇ ಬಂದಳು. ಮಗುವನ್ನು ದೂರದ ಊರಿನ ಕಿವುಡ ಮಕ್ಕಳ ಶಾಲೆಯ ಹಾಸ್ಟೆಲಿಗೆ ಸೇರಿಸುವುದೆಂದು ಗಟ್ಟಿ ಮಾಡಿದ್ದರು. ಅದಕ್ಕೊಂದು ಫಾರಂ, ಅದರಲ್ಲಿ ಒಂದು ಪುಟ ಅಂಗನವಾಡಿಯವರು ತುಂಬಬೇಕು. ನಾನು ಕನ್ನಡಕ ಹಾಕಿಕೊಂಡು ಕೂತೆ. ಸೇರಿದ ದಿನ, ಬಿಟ್ಟ ದಿನ, ಹಾಕಿಸಿದ ಲಸಿಕೆ, ತೂಕ. ಕೊನೆಗೆ ಒಂದು ಸಾಲು: ತೊಂದರೆ ಮೊದಲು ಗಮನಕ್ಕೆ ಬಂದದ್ದು ಯಾವಾಗ, ಯಾರಿಗೆ.

ನಾನು ಬರೆದೆ. ಸೀಲು ಹಾಕಲು ಡ್ರಾಯರ್ ಎಳೆಯುವಾಗ ಸುಗುಣ ಕೇಳಿದಳು.

"ಕಡೀಗೆ ಎಂತ ಬರ್ದ್ರಿ ಟೀಚರ್? ಓದಿ ಕಾಂಬ."

"ಎರಡ್ ಸಾವ್ರದ ಮೂರ್, ಜೂನ್. ಶಾಲೆ ಮೇಷ್ಟ್ರಿಗೆ."

"ಜೂನ್ ಅಲ್ಲ ಟೀಚರ್. ಡಿಸೆಂಬರ್ ಹದ್ನಾಲ್ಕ್."

ನನ್ನ ಕೈ ಡ್ರಾಯರಿನಲ್ಲೇ ಉಳಿಯಿತು. ಅವಳ ದನಿ ಏರಿರಲಿಲ್ಲ. ಮೀನಿಗೆ ಬೆಲೆ ಹೇಳುವಾಗಲೂ ಅವಳ ದನಿ ಅಷ್ಟೇ.

"ನಾನ್ ಎದ್ರ್ ಸಾಲಲ್ಲೇ ಕೂಕಂಡಿದ್ದೆ. ಆ ಗಂಡ್ಸ್ ಮೈಕ್ ಹಿಡ್ಕಂಡ್ ಅಡ್ಡ ನಿಂತಾಗ ಇದ್ರ ಕೈ ನಿಂತದ್ದ್ ಕಂಡೆ. ಕಡೀಗೆ ನೀವ್ ಎದ್ದ್ ತಿರ್ಗಿದಾಗ ನಿಮ್ಮ ಮೋರೆಯೂ ಕಂಡೆ. ಮಗಿಗೆ ನೀರ್ ಕೊಡ್ವ ಅಂದೇಳಿ ಹಿಂದೆ ಬಂದೆ. ನೀವ್ ಬಟ್ಲ್ ಬೀಳ್ಸದ್ದೂ ಕಂಡೆ."

"ಕಂಡೂ ಎಂತಕ್ಕೆ ಕೇಣ್ಲಿಲ್ಲ ಸುಗುಣ?"

"ಕೇಣುಕೆ ಹೆದ್ರಿಕೆ ಆಯ್ತ್. ನೀವ್ ಕಲ್ತವ್ರ್, ಇಷ್ಟ್ ಮಕ್ಳ್ನ ಕಂಡವ್ರ್. ಎಂತಾರೂ ಇದ್ರೆ ನಾಳೆ ಹೇಳ್ತ್ರ್ ಅಂದ್ಕಂಡೆ. ನಾಳೆ ಹೇಳ್ಲಿಲ್ಲ. ನಾಡ್ದಿಗೂ ಹೇಳ್ಲಿಲ್ಲ. ದಿನಾ ಮಗಿನ ಕರ್ಕಂಡ್ ಹೋಪುಕೆ ಬಂದಾಗ್ಳೂ ನಿಮ್ಮ ಬಾಯಿ ಕಾಂತಾ ನಿಂತೆ. ನೀವ್ ಸುಮ್ನೇ ಇದ್ರಿ. ಹಾಂಗಾರೆ ಎಂತ ಇಲ್ಲ, ನನ್ನ ಕಣ್ಣೇ ಸರಿ ಇಲ್ಲ ಅಂದೇಳಿ ನಂಬ್ದೆ. ಜೂನ್ ತನ್ಕ ನಂಬ್ದೆ."

ನಾನು ಏನೋ ಹೇಳಲು ಹೊರಟೆ. ತಪ್ಪಾಯಿತು ಎಂದೋ, ಕೇಂದ್ರ ಮುಚ್ಚುತ್ತಿತ್ತು ಎಂದೋ. ಈ ಎರಡು ವರ್ಷ ಮನಸ್ಸಿನಲ್ಲೇ ಎಷ್ಟೋ ಸಲ ಹೇಳಿಕೊಂಡು ಅಭ್ಯಾಸ ಮಾಡಿದ್ದ ಮಾತುಗಳು.

"ಬರೀರಿ ಟೀಚರ್," ಎಂದಳು ಸುಗುಣ.

ಜೂನ್ ಎಂಬುದನ್ನು ಹೊಡೆದುಹಾಕಿ, ೧೪ ಡಿಸೆಂಬರ್ ೨೦೦೨ ಎಂದು ಬರೆದೆ. ಯಾರಿಗೆ ಎಂಬಲ್ಲಿ ನನ್ನ ಹೆಸರು ಬರೆದೆ. ಸಹಿ ಮಾಡಿ ಸೀಲು ಒತ್ತಿದೆ. ಅವಳು ಶಾಯಿ ಆರುವ ತನಕ ಕಾದು, ಕಾಗದವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಎದ್ದಳು.

ನಮ್ಮ ಕಡೆ ಯಾರ ಹೊಸ್ತಿಲಿನಿಂದ ಇಳಿದರೂ "ಬತ್ತೆ", ಮತ್ತೆ ಬರುತ್ತೇನೆ, ಎಂದು ಹೇಳಿಯೇ ಇಳಿಯುವುದು. ಜಗಳವಾಡಿದವರೂ ಹೇಳುತ್ತಾರೆ, ಸೂತಕದ ಮನೆಯೊಂದು ಬಿಟ್ಟು ಎಲ್ಲ ಕಡೆಯೂ ಹೇಳುತ್ತಾರೆ. ಸುಗುಣ ಚಪ್ಪಲಿ ಮೆಟ್ಟಿ ಅಂಗಳಕ್ಕೆ ಇಳಿದಳು. ನಾನು ಬಾಗಿಲಲ್ಲಿ ನಿಂತು ಅವಳ ಬಾಯಿಯನ್ನೇ ನೋಡುತ್ತಾ ಕಾದೆ. ಅವಳು ಏನೂ ಹೇಳದೆ ಹೆದ್ದಾರಿ ಕಡೆಗೆ ನಡೆದುಹೋದಳು.